ಡಿಎಂ ವಿದ್ಯಾರ್ಥಿಗಳಿಗೆ ಕೈತರಬೇತಿ ಮೊದಲು

ಗ್ಯಾಸ್ಟ್ರೋಎಂಟರಾಲಜಿಯಲ್ಲಿ (ಜೀರ್ಣಾಂಗ ರೋಗಗಳ ವೈದ್ಯಶಾಸ್ತ್ರ) ಡಿಎಂ ಎಂಬ ಉನ್ನತ ತಜ್ಞ ಪದವಿ ಓದುವ ವಿದ್ಯಾರ್ಥಿಗಳು ಅಮೆರಿಕದ ಡೈಜೆಸ್ಟಿವ್ ಡಿಸೀಸ್ ವೀಕ್‌ನಂತಹ ಸಮ್ಮೇಳನಗಳಲ್ಲಿ ಪ್ರಬಂಧ ಮಂಡಿಸಲೇಬೇಕೆಂಬ ಲೇಖನವೊಂದರ ಸಲಹೆಯನ್ನು, ಮುಂಬಯಿಯಲ್ಲಿ ಇಂತಹ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಕನ್ನಡಿಗನಾದ ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಎಂಡಿ ಮುಗಿಸಿ ಬಂದವರಿಗೆ ಇಲ್ಲಿ ಸಿಗುವುದು 3 ವರ್ಷ. ಪಕ್ಕಕ್ಕೆ ನೋಡುವ ಎಂಡೋಸ್ಕೋಪನ್ನು (ಕ್ಯಾಮೆರಾ ಇರುವ ಕೊಳವೆ) ಸಣ್ಣ ಕರುಳಿನ ಮೊದಲ ಭಾಗವಾದ ಡುಯೋಡಿನಮ್‌ವರೆಗೆ ಇಳಿಸಿ, ಪಿತ್ತನಾಳದ ಕಿರಿದಾದ ಬಾಯಿಗೆ ತಂತಿ ತೂರಿಸುವ ವಿಧಾನವಾದ ಇಆರ್‌ಸಿಪಿಯನ್ನು ಯಾವ ಭಾಷಣವೂ ಕಲಿಸಲಾರದು. ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ತರಬಲ್ಲ ಈ ಕೆಲಸವನ್ನು ಮೊದಲು ಮಾದರಿಗಳ ಮೇಲೆ ಅಭ್ಯಾಸ ಮಾಡಿಸುವ ಕಾರ್ಯಾಗಾರಗಳಿಗೇ ರಜೆಯೂ ಹಣವೂ ದೊರೆಯಬೇಕು. ಸಂಶೋಧನೆಗಾದರೋ ವಿಷಯ ನಮ್ಮ ವಾರ್ಡಿನಲ್ಲೇ ಇದೆ: ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ ಕಾಣುವ ಹುಣ್ಣು ಕ್ಷಯದ್ದೋ ಕ್ರೋನ್ಸ್ ಕಾಯಿಲೆಯದ್ದೋ (ಕರುಳಿನ ದೀರ್ಘಕಾಲದ ಉರಿಯೂತ) ಎಂಬ ಪ್ರಶ್ನೆ ಇಲ್ಲಿನಷ್ಟು ಪಾಶ್ಚಾತ್ಯ ವೈದ್ಯರನ್ನು ಕಾಡುವುದಿಲ್ಲ. ಅಂತಹ ಪ್ರಬಂಧಕ್ಕೆ 1960ರಲ್ಲಿ ಸ್ಥಾಪನೆಯಾದ ಇಂಡಿಯನ್ ಸೊಸೈಟಿ ಆಫ್ ಗ್ಯಾಸ್ಟ್ರೋಎಂಟರಾಲಜಿಯ ವಾರ್ಷಿಕ ಸಮ್ಮೇಳನದಲ್ಲೇ ತಕ್ಕ ಕೇಳುಗರಿದ್ದಾರೆ (ವೀಸಾದ ಗೋಜೂ ಇಲ್ಲ).