ಕಂಪ್ಯೂಟರಿಗೆ ಕಾಡು ಭಾರವಾಯಿತು

ಯುರೋಪಿನವರು ಜಗತ್ತಿನ ಕಾಡು ಉಳಿಸುವ ತಮ್ಮ ಕಾಯ್ದೆಯನ್ನು ಮತ್ತೊಂದು ವರ್ಷ ಮುಂದಕ್ಕೆ ಹಾಕಿದ್ದಾರೆ. ಇದು ಎರಡನೆಯ ಸಲ. 2023ರಲ್ಲಿ ಹುಟ್ಟಿದ ಕಾಯ್ದೆ 2024ರ ಡಿಸೆಂಬರ್ 30ಕ್ಕೆ ಜಾರಿಯಾಗಬೇಕಿತ್ತು. ಆಮೇಲೆ 2025ರ ಡಿಸೆಂಬರ್ 30 ಎಂದರು. ಈಗ 2026ರ ಡಿಸೆಂಬರ್ 30 ಎನ್ನುತ್ತಿದ್ದಾರೆ. ಇಸವಿ ಬದಲಿಸಿದರು, ತಾರೀಖನ್ನು ಮಾತ್ರ ಬದಲಿಸಿಲ್ಲ. ಆ ಮಟ್ಟಿಗೆ ಆಡಿದ ಮಾತಿಗೆ ತಪ್ಪದ ಜನ. ಎರಡನೆಯ ಸಲ ತಡ ಮಾಡಲು ಮೊದಲು ಕೊಟ್ಟ ಕಾರಣವೇನು ಎಂದುಕೊಂಡಿರಿ? ಅಮೆಜಾನ್ ಕಾಡಿಗೆ ಬೆಂಕಿ ಬಿದ್ದಿದೆ ಎಂದಲ್ಲ, ಮರಗಳ್ಳರು ಕೈಗೆ ಸಿಗುತ್ತಿಲ್ಲ ಎಂದೂ ಅಲ್ಲ. ವ್ಯಾಪಾರಿಗಳಿಂದ ಬಂದು ಬೀಳುವ ಮಾಹಿತಿಯನ್ನು ಹೊರುವ ಶಕ್ತಿ ಅವರ ಕಂಪ್ಯೂಟರ್ ವ್ಯವಸ್ಥೆಗೆ ಇಲ್ಲವಂತೆ.

ನಮ್ಮಲ್ಲಿ ಪಡಿತರ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎನ್ನುತ್ತಾರಲ್ಲ, ಅದನ್ನೇ ಐರೋಪ್ಯ ಒಕ್ಕೂಟದ ಇಪ್ಪತ್ತೇಳು ದೇಶಗಳು ಒಟ್ಟಾಗಿ ಹೇಳಿದರೆ ಅದಕ್ಕೆ ನೀತಿ ಎಂಬ ಹೆಸರು ಬರುತ್ತದೆ.

ಕಾಯ್ದೆಯ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಮರ, ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ದನ, ಈ ಏಳರಲ್ಲಿ ಯಾವುದನ್ನೇ ಯುರೋಪಿಗೆ ಮಾರುವುದಾದರೂ, ಅದು 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ಜಾಗದಿಂದ ಬಂದಿರಬಾರದು. ಒಪ್ಪೋಣ. ಯುರೋಪಿನವರು ತಮ್ಮ ಕಾಡುಗಳನ್ನು ಎಂದೋ ಕಡಿದು ಹಡಗು ಕಟ್ಟಿ, ಅದೇ ಹಡಗಿನಲ್ಲಿ ಬಂದು ನಮ್ಮ ತೇಗವನ್ನೂ ಕಡಿದುಕೊಂಡು ಹೋದರೆಂಬ ಹಳೆಯ ಲೆಕ್ಕವನ್ನು ಈಗ ತೆಗೆಯುವುದು ಸಭ್ಯತೆಯಲ್ಲ. ಲೆಕ್ಕ ಶುರುವಾಗುವುದು 2020ರಿಂದ.

ಆದರೆ ಪುರಾವೆ ಬೇಕು. ಬೆಳೆದ ಜಾಗದ ಅಕ್ಷಾಂಶ ರೇಖಾಂಶಗಳನ್ನು ಆರು ದಶಮಾಂಶ ಸ್ಥಾನದವರೆಗೆ ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ, ದೊಡ್ಡ ತೋಟವಾದರೆ ಸುತ್ತಲ ಗಡಿಯನ್ನೇ ಬಿಡಿಸಿ ಕೊಡಬೇಕು. ಆರನೆಯ ದಶಮಾಂಶವೆಂದರೆ ನೆಲದ ಮೇಲೆ ಹನ್ನೊಂದು ಸೆಂಟಿಮೀಟರ್, ಅರ್ಧ ಗೇಣು. ನಮ್ಮ ಜೇಬಿನ ಮೊಬೈಲಾದರೋ ಹತ್ತಾರು ಅಡಿ ಆಚೀಚೆ ತೋರಿಸುವಂಥದ್ದು. ಮೂಡಿಗೆರೆ ಕಡೆಯ ಪರಿಚಿತರೊಬ್ಬರು ಮಳೆಗಾಲದಲ್ಲಿ ಸಿಲ್ವರ್ ಓಕ್ ಮರದ ಬುಡದಲ್ಲಿ ನಿಂತು, ಮೊಬೈಲನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಆಕಾಶಕ್ಕೆ ಹಿಡಿದಿದ್ದರು. ಪರದೆಯ ಮೇಲಿನ ನೀಲಿ ಚುಕ್ಕೆ ಒಮ್ಮೆ ಅವರ ಕಣದಲ್ಲಿ, ಒಮ್ಮೆ ಪಕ್ಕದವರ ಕೊಟ್ಟಿಗೆಯಲ್ಲಿ, ಇನ್ನೊಮ್ಮೆ ಹಳ್ಳದ ಆಚೆ. “ಮಾರಾಯರೇ, ನಾನೆಲ್ಲಿ ನಿಂತಿದ್ದೇನೆ ಎಂದು ನನಗೆ ಗೊತ್ತು, ಇದಕ್ಕೆ ಗೊತ್ತಿಲ್ಲ. ಆದರೆ ಅವರು ನಂಬುವುದು ಇದನ್ನು” ಎಂದರು. ಇಂಬಳ ಹತ್ತುತ್ತಿದ್ದ ಕಾಲನ್ನು ಕೆರೆದುಕೊಳ್ಳುವುದಕ್ಕೂ ಅವರಿಗೆ ಪುರುಸೊತ್ತಿರಲಿಲ್ಲ. ಅಲುಗಾಡಿದರೆ ದಶಮಾಂಶ ತಪ್ಪುತ್ತದೆ.

ಇನ್ನು ಉಪಗ್ರಹದ ಕಥೆ. ಬ್ರೆಜಿಲಿನ ದೊಡ್ಡ ದೊಡ್ಡ ಬಯಲು ತೋಟಗಳಂತೆ ನಮ್ಮ ಕಾಫಿ ಬಿಸಿಲಿಗೆ ಮೈಯೊಡ್ಡಿ ನಿಲ್ಲುವುದಿಲ್ಲ, ನೆರಳಿನಲ್ಲಿ ಬೆಳೆಯುತ್ತದೆ. ಮೇಲಿನಿಂದ ನೋಡಿದರೆ ಚಿಕ್ಕಮಗಳೂರು, ಕೊಡಗುಗಳ ಎಷ್ಟೋ ತೋಟಗಳು ಕಾಡಿನಂತೆಯೇ ಕಾಣುತ್ತವೆ. ಇದು ಹೊಗಳಿಕೆ ಎಂದು ತಿಳಿದು ಉಬ್ಬಬೇಡಿ. ಮರಗಸಿ ಮಾಡಿ ನೆರಳು ಇಳಿಸಿದರೆ, ನಾಲ್ಕು ಮುದಿ ಮರ ತೆಗೆದರೆ, ಅದೇ ಉಪಗ್ರಹಕ್ಕೆ ಕಾಡು ಕಡಿದ ಹಾಗೆ ಕಂಡೀತು ಎಂಬುದು ಬೆಳೆಗಾರರ ಹೆದರಿಕೆ. ಮರಗಳನ್ನೆಲ್ಲ ಎಂದೋ ಬೋಳಿಸಿ ಬಯಲು ಮಾಡಿಕೊಂಡವನಿಗೆ ಈ ಚಿಂತೆ ಇಲ್ಲ; ಅವನ ತೋಟ ತೋಟದ ಹಾಗೆಯೇ ಕಾಣುತ್ತದೆ. ಮರ ಉಳಿಸಿಕೊಂಡವನು ಮಾತ್ರ ತಾನು ಮರ ಕಡಿದಿಲ್ಲ ಎಂದು ರುಜುವಾತು ಮಾಡಬೇಕು. ಕೊಡಗಿನಲ್ಲಂತೂ ಇದಕ್ಕೆ ಸ್ಥಳೀಯ ಒಗ್ಗರಣೆಯೂ ಇದೆ. ಅಲ್ಲಿನ ‘ಅನ್‌ರಿಡೀಮ್ಡ್’, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ, ಜಮೀನಿನಲ್ಲಿ ಕಾಫಿ ಬೆಳೆಗಾರನದ್ದು, ಅದಕ್ಕೆ ನೆರಳು ಕೊಡುವ ಮರ ಸರ್ಕಾರದ್ದು. ಎಲೆ ಉದುರಿದರೆ ಗುಡಿಸುವ ಖರ್ಚು ಮಾತ್ರ ಇವನದ್ದು.

ಭಾರತ ‘ಕಡಿಮೆ ಅಪಾಯ’ದ ದೇಶ ಎಂದು 2025ರ ಮೇ ತಿಂಗಳಲ್ಲಿ ಪಟ್ಟಿ ಮಾಡಿದ್ದಾರೆ. ಸಂತೋಷ. ‘ಹೆಚ್ಚಿನ ಅಪಾಯ’ದ ಪಟ್ಟಿಯಲ್ಲಿ ಇರುವುದು ನಾಲ್ಕೇ ದೇಶ: ರಷ್ಯಾ, ಬೆಲಾರೂಸ್, ಉತ್ತರ ಕೊರಿಯಾ, ಮ್ಯಾನ್ಮಾರ್. ಹೇಗೂ ಯುರೋಪಿನ ದಿಗ್ಬಂಧನದಲ್ಲಿ ಸಿಕ್ಕಿಕೊಂಡಿರುವವರೇ. ಬ್ರೆಜಿಲ್, ಇಂಡೋನೇಷ್ಯಾ ನಡುವಿನ ಸಾಲಿನಲ್ಲಿ ಕುಳಿತಿವೆ. ಯಾರೊಂದಿಗೆ ವ್ಯಾಪಾರ ಕುದುರಬೇಕಿದೆಯೋ ಅವರ ಕಾಡು ಅಷ್ಟೇನೂ ಅಪಾಯದಲ್ಲಿಲ್ಲ ಎಂದು ತಿಳಿದುಬಂದದ್ದು ವಿಜ್ಞಾನದ ದೊಡ್ಡ ಸಾಧನೆ. ಕಡಿಮೆ ಅಪಾಯದವರಿಗೂ ದಶಮಾಂಶದಿಂದ ಬಿಡುಗಡೆಯಿಲ್ಲ. ಸಣ್ಣವರಿಗೆ 2027ರ ಜೂನ್ 30ರ ತನಕ ಹೆಚ್ಚಿನ ಗಡುವು ಕೊಟ್ಟಿದ್ದಾರಲ್ಲ ಎಂದು ಸಮಾಧಾನ ಪಡುವವರೂ ಇದ್ದಾರೆ. ಅದು ಅಲ್ಲಿನ ಸಣ್ಣ ವ್ಯಾಪಾರಿಗಳಿಗೆ. ಇಲ್ಲಿನ ಹತ್ತೆಕರೆಯವನ ಕಾಫಿ ದೊಡ್ಡ ಕಂಪನಿಯ ಗೋದಾಮಿಗೆ ಹೋಗುವುದಾದರೆ ಅವನಿಗೆ ದೊಡ್ಡವರ ಗಡುವೇ.

ಈ ಸಲದ ತಿದ್ದುಪಡಿಯಲ್ಲಿ ಇನ್ನೊಂದು ಔದಾರ್ಯವಿದೆ. ಮುದ್ರಿತ ಪುಸ್ತಕ, ಪತ್ರಿಕೆಗಳನ್ನು ಕಾಯ್ದೆಯಿಂದ ಹೊರಗಿಟ್ಟರು. ಇನ್ನು ಕಾಯ್ದೆಯನ್ನೂ ಅದರ ತಿದ್ದುಪಡಿಗಳನ್ನೂ ಎಷ್ಟು ಸಾವಿರ ಪ್ರತಿ ಅಚ್ಚು ಹಾಕಿಸಿದರೂ ಆ ಕಾಗದ ಯಾವ ಕಾಡಿನದು ಎಂದು ಯಾರೂ ಕೇಳುವಂತಿಲ್ಲ.

ಇಷ್ಟಕ್ಕೂ ಯುರೋಪನ್ನು ಒಂದನ್ನೇ ಬೈದು ಪ್ರಯೋಜನವಿಲ್ಲ. ಉಷ್ಣವಲಯದ ಮರಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ, ಜಪಾನಿನ ಯೊಕೊಹಾಮಾದಲ್ಲಿ. 1986ರಲ್ಲಿ ಶುರುವಾದದ್ದು, ಭಾರತವೂ ಸದಸ್ಯ. ಕಾಡು ಉಳಿಸುತ್ತಲೇ ಮರ ಮಾರುವುದು ಹೇಗೆ ಎಂದು ಜಗತ್ತಿಗೆ ಕಲಿಸುವುದು ಅದರ ಕೆಲಸ. ಅಲ್ಲಿ ಮತ ಹಂಚುವ ಕ್ರಮ ನನಗೆ ಬಹಳ ಇಷ್ಟ. ಮರ ಕೊಳ್ಳುವ ದೇಶ ಹೆಚ್ಚು ಕೊಂಡಷ್ಟೂ ಅದಕ್ಕೆ ಹೆಚ್ಚು ಮತ. ಮರ ಮಾರುವ ದೇಶಗಳ ಮತದಲ್ಲೂ ಒಂದು ಪಾಲು ರಫ್ತಿನ ಮೌಲ್ಯದ ಮೇಲೆ. ಹೆಂಡ ಬಿಡಿಸುವ ಸಂಘದಲ್ಲಿ ಹೆಚ್ಚು ಕುಡಿದವನೇ ಅಧ್ಯಕ್ಷ ಎಂದ ಹಾಗಾಯಿತು. ಈ ಸಂಸ್ಥೆ 1990ರ ಹೊತ್ತಿಗೆ ಒಂದು ಗುರಿ ಹಾಕಿಕೊಂಡಿತು: 2000ನೇ ಇಸವಿಯೊಳಗೆ ರಫ್ತಾಗುವ ಉಷ್ಣವಲಯದ ಮರವೆಲ್ಲ ಚೆನ್ನಾಗಿ ನೋಡಿಕೊಂಡ ಕಾಡಿನಿಂದಲೇ ಬರಬೇಕು. 2000 ಬಂತು, ಮರ ಬರಲಿಲ್ಲ. ಆದಷ್ಟು ಬೇಗ ಮುಟ್ಟೋಣ ಎಂದು ಗುರಿಯನ್ನೇ ಮತ್ತೆ ಅಂಗೀಕರಿಸಿದರು. ‘ಗುರಿ 2000’ ಎಂಬ ಹೆಸರು ಮಾತ್ರ ಹಾಗೆಯೇ ಉಳಿಯಿತು. ಇಸವಿ ದಾಟಿಹೋದ ಮೇಲೂ ಇಸವಿಯ ಹೆಸರಿನಲ್ಲಿ ಬದುಕುವ ಗುರಿಯನ್ನು ನೀವು ಬೇರೆ ಕಡೆ ಕಂಡಿರಲಾರಿರಿ.

ಆಮೇಲೆ ಅದೇ ಸಂಸ್ಥೆ, ದೇಶದೇಶಗಳು ಕಾಡಿನ ಯೋಜನೆಗಳಿಗೆಂದು ಕೊಟ್ಟ ಹಣದಲ್ಲಿ ಒಂದಷ್ಟನ್ನು ಹೂಡಿಕೆ ನಿಧಿಗಳಲ್ಲಿ ತೊಡಗಿಸಿ, ಸುಮಾರು 1.8 ಕೋಟಿ ಡಾಲರ್ ಕಳೆದುಕೊಂಡಿತು. 2015, 2016ರ ಸುಮಾರಿಗೆ ಅದು ಬಯಲಾಯಿತು. ಮರದ ಸಂಸ್ಥೆಗೆ ಹಣ ಮರದಲ್ಲಿ ಬೆಳೆಯುವುದಿಲ್ಲ ಎಂದು ಗೊತ್ತಾಗಲು ಮೂವತ್ತು ವರ್ಷ ಹಿಡಿಯಿತು. ಹಳ್ಳಿಯ ಸಹಕಾರಿ ಸಂಘದ ಕಾರ್ಯದರ್ಶಿ ಇದರ ಸಾವಿರದಲ್ಲೊಂದು ಪಾಲನ್ನು ಚೀಟಿ ವ್ಯವಹಾರಕ್ಕೆ ಹಾಕಿದ್ದರೆ ಊರು ಬಿಟ್ಟು ಓಡಬೇಕಾಗುತ್ತಿತ್ತು.

‘ಕಾನೂನುಬದ್ಧ ಮರ’ ಎಂಬ ಮಾತನ್ನೂ ಸ್ವಲ್ಪ ಕೆದಕಿ ನೋಡಬೇಕು. ನಮ್ಮ ಡಿಪೋಗಳಲ್ಲಿ ನಾಟಾದ ತುದಿಗೆ ಇಲಾಖೆಯ ಸುತ್ತಿಗೆಯಿಂದ ಹೊಡೆದ ಗುರುತು ಇರುತ್ತದೆ, ಪಕ್ಕದಲ್ಲಿ ಬಣ್ಣದಲ್ಲಿ ಬರೆದ ನಂಬರು. ಆ ಗುರುತು ಬಿದ್ದರೆ ಮರ ಸಕ್ರಮ, ಬೀಳದಿದ್ದರೆ ಕಳವು. ಮರಕ್ಕೆ ವ್ಯತ್ಯಾಸ ಗೊತ್ತಿಲ್ಲ. ಮ್ಯಾನ್ಮಾರಿನಲ್ಲಿ ತೇಗವೆಲ್ಲ ಸರ್ಕಾರಿ ನಿಗಮದ ಮೂಲಕವೇ ಬರಬೇಕು. 2021ರ ಫೆಬ್ರುವರಿಯಲ್ಲಿ ಸೇನೆ ಅಧಿಕಾರ ಹಿಡಿಯಿತು, ನಿಗಮವೂ ಸುತ್ತಿಗೆಯೂ ಅದರ ಕೈಗೆ ಹೋದವು. ಅಂದಿನಿಂದ ದಂಗೆಯೆದ್ದ ಸೇನೆಯೇ ಕಾನೂನು, ಅದು ಕಡಿದ ತೇಗವೇ ಕಾನೂನುಬದ್ಧ ತೇಗ. ಯುರೋಪು ಆ ವರ್ಷದ ಜೂನ್‌ನಲ್ಲಿ ನಿಗಮದ ಮೇಲೆ ನಿರ್ಬಂಧ ಹೇರಿತು. ಆದರೂ ತೇಗ ಇಟಲಿ ತಲುಪುತ್ತಲೇ ಇತ್ತು ಎಂದು ಪರಿಸರದ ತನಿಖಾ ಸಂಸ್ಥೆಗಳು ವರ್ಷಗಟ್ಟಲೆ ಬರೆದವು. ಶ್ರೀಮಂತರ ವಿಹಾರ ನೌಕೆಗಳ ಡೆಕ್ಕಿಗೆ ಬರ್ಮಾ ತೇಗವೇ ಆಗಬೇಕು. ಉಪ್ಪುನೀರಿಗೆ ಅದು ಕೊಳೆಯುವುದಿಲ್ಲ. ನಮ್ಮ ದೇಶವೂ ಮ್ಯಾನ್ಮಾರಿನ ಮರದ ದೊಡ್ಡ ಗಿರಾಕಿಯೇ, ನಮಗೆ ಅಂಥ ನಿರ್ಬಂಧದ ರಗಳೆಯೂ ಇಲ್ಲ. ಗೃಹಪ್ರವೇಶದ ದಿನ ‘ಬಾಗಿಲು ಬರ್ಮಾ ಟೀಕ್’ ಎಂದು ತಟ್ಟಿ ತೋರಿಸುವವರನ್ನು ನೀವೂ ನೋಡಿದ್ದೀರಿ.

ಊರಿನವರೇ ಕಾಡು ನೋಡಿಕೊಳ್ಳುವ ‘ಸಮುದಾಯ ಅರಣ್ಯ’ ಎಂಬ ಮಾತಿಗೆ ವಿದೇಶಿ ಬೆಂಬಲ ನಮ್ಮ ನೆಲಕ್ಕೂ ಬಂದು ಇಳಿದಿದೆ. ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ಹಣದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಸಮಾಜಕ್ಕೆ ಸಿಕ್ಕಿದ್ದು ನೀಲಗಿರಿ ಸಸಿ. ಅದೇ ಕಾಲಕ್ಕೆ ಗೋಮಾಳಗಳನ್ನು ಕಾಗದದ ತಿರುಳಿನ ಕಂಪನಿಗೆ ಕೊಡಲು ಹೊರಟಾಗ, ಹಾನಗಲ್ ತಾಲ್ಲೂಕಿನ ಕುಸನೂರಿನ ಜನ 1987ರ ನವೆಂಬರ್ 14ರಂದು ‘ಕಿತ್ತಿಕೋ ಹಚ್ಚಿಕೋ’ ಎಂದು ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಅದಕ್ಕೆ ಯಾವ ವಿದೇಶಿ ನೆರವೂ ಇರಲಿಲ್ಲ. ಪೊಲೀಸರ ನೆರವು ಮಾತ್ರ ಇತ್ತು, ಎದುರು ಕಡೆಗೆ.

ತೊಂಬತ್ತರ ದಶಕದಲ್ಲಿ ಬ್ರಿಟನ್ನಿನವರೇ ಪಶ್ಚಿಮ ಘಟ್ಟದ ಅರಣ್ಯ ಯೋಜನೆಯೊಂದಿಗೆ ಉತ್ತರ ಕನ್ನಡಕ್ಕೆ ಬಂದರು. 1993ರ ಏಪ್ರಿಲ್‌ನಲ್ಲಿ ಸರ್ಕಾರ ‘ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆ’ಯ ಆದೇಶ ಹೊರಡಿಸಿತು. ಊರೂರಿನಲ್ಲಿ ಗ್ರಾಮ ಅರಣ್ಯ ಸಮಿತಿ, ದೇವಸ್ಥಾನದ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ, ಚಾರ್ಟ್ ಹಾಳೆ, ಬಣ್ಣದ ಪೆನ್ನು, ಹನ್ನೊಂದು ಗಂಟೆಗೆ ಉಪ್ಪಿಟ್ಟು. ಹುಟ್ಟಿದಾಗಿನಿಂದ ಆ ಬೆಟ್ಟದ ಸೊಪ್ಪು, ದರಕು ಹೊತ್ತವರು ಕುಕ್ಕರುಗಾಲಿನಲ್ಲಿ ಕುಳಿತು ‘ಇಲ್ಲಿ ಹಳ್ಳ, ಇಲ್ಲಿ ಕಾಡು’ ಎಂದು ಪುಡಿ ಉದುರಿಸುತ್ತಿದ್ದರೆ, ತಜ್ಞರು ಬಾಗಿ ಫೋಟೋ ತೆಗೆಯುತ್ತಿದ್ದರು. ಷರತ್ತು ಒಂದೇ: ಜಂಟಿ ನಿರ್ವಹಣೆಗೆ ಸಿಗುವುದು ಹಾಳಾದ ಕಾಡು ಮಾತ್ರ. ಚೆನ್ನಾಗಿರುವ ಕಾಡು ಇಲಾಖೆಯದ್ದು, ಬೋಳುಗುಡ್ಡ ಜಂಟಿಯದ್ದು. ಆ ಬೋಳುಗುಡ್ಡದಲ್ಲಿ ಹೆಚ್ಚಾಗಿ ಬೆಳೆದದ್ದು ಅಕೇಶಿಯಾ. ದನ ಅದನ್ನು ತಿನ್ನುವುದಿಲ್ಲ ಎಂಬುದೇ ಅದರ ದೊಡ್ಡ ಅರ್ಹತೆ.

ಇದರಲ್ಲಿ ನಗು ಬರಿಸುವ ಸಂಗತಿ ಬೇರೆಯೇ ಇದೆ. ಕುಮಟಾ ತಾಲ್ಲೂಕಿನ ಹಳಕಾರದಲ್ಲಿ 1920ರ ದಶಕದಿಂದಲೂ ಊರಿನದೇ ಅರಣ್ಯ ಪಂಚಾಯಿತಿ ಇತ್ತು. ಊರಿನವರೇ ಸಂಬಳ ಕೊಟ್ಟು ಕಾವಲುಗಾರನನ್ನು ಇಟ್ಟುಕೊಂಡು, ಯಾರು ಎಷ್ಟು ಸೌದೆ, ಎಷ್ಟು ಸೊಪ್ಪು ತರಬಹುದು ಎಂದು ತಾವೇ ಗೊತ್ತು ಮಾಡಿಕೊಂಡು ಕಾಡು ಕಾಯ್ದರು. ಎಪ್ಪತ್ತರ ದಶಕದ ಕೊನೆಗೆ ನಮ್ಮ ಸರ್ಕಾರ ಅಂಥ ಪಂಚಾಯಿತಿಗಳನ್ನೆಲ್ಲ ರದ್ದು ಮಾಡಿತು. ಊರಿನವರು ಕೋರ್ಟಿಗೆ ಹೋಗಿ ಅದನ್ನು ಉಳಿಸಿಕೊಳ್ಳಬೇಕಾಯಿತು. ಜನರಿಗೆ ಕಾಡು ಕಾಯಲು ಬರುವುದಿಲ್ಲ ಎಂದು ಊರಿನ ಸಂಸ್ಥೆಗೆ ಬೀಗ ಹಾಕಲು ಹೊರಟ ಸರ್ಕಾರವೇ ಹದಿನೈದು ವರ್ಷದೊಳಗೆ ಪರದೇಶದ ದುಡ್ಡಿನಲ್ಲಿ, ಜನರಿಗೆ ಕಾಡು ಕಾಯುವುದನ್ನು ಕಲಿಸಲು ಬಂತು. ಇದನ್ನು ವಿಡಂಬನೆ ಮಾಡುವುದು ನನ್ನಿಂದ ಸಾಧ್ಯವಿಲ್ಲ. ಇಲಾಖೆಯೇ ಮುಗಿಸಿಬಿಟ್ಟಿದೆ.

ತಮಾಷೆ ಸಾಕು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಪರಿಶಿಷ್ಟ ಪಂಗಡದವರಲ್ಲದ ಕಾಡುವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ 75 ವರ್ಷ ಅಲ್ಲಿ ಬದುಕಿದ್ದಕ್ಕೆ ಪುರಾವೆ ಕೊಡಬೇಕು. ಅಂದರೆ 1930. ಆ ವರ್ಷ ಉತ್ತರ ಕನ್ನಡದ ಜನ ಅಂಕೋಲಾದಲ್ಲಿ ಉಪ್ಪು ಮಾಡಿ, ಕಾಡಿನಲ್ಲಿ ಸತ್ಯಾಗ್ರಹ ಮಾಡಿ ಜೈಲಿಗೆ ಹೋಗುತ್ತಿದ್ದರು. ಬ್ರಿಟಿಷರ ಪಟ್ಟೆ ಪುಸ್ತಕದಲ್ಲಿ ಹೆಸರು ಬರೆಸಲು ಸಾಲಿನಲ್ಲಿ ನಿಂತಿರಲಿಲ್ಲ. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ ಎಂದು ಕಾಯ್ದೆಯ ನಿಯಮಗಳಲ್ಲೇ ಇದೆ. ಯಾರು ಬರೆದುಕೊಂಡರು? ಕರ್ನಾಟಕದಲ್ಲಿ ಸುಮಾರು ಮೂರು ಲಕ್ಷ ಅರ್ಜಿ ಬಿದ್ದವು, ಹಕ್ಕುಪತ್ರ ಸಿಕ್ಕಿದ್ದು ಇಪ್ಪತ್ತು ಸಾವಿರದೊಳಗೆ. ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕೆಂದೂ ನಿಯಮವಿದೆ. ತಮ್ಮ ಅರ್ಜಿ ತಿರಸ್ಕೃತವಾಗಿದೆ ಎಂಬುದು ಎಷ್ಟೋ ಜನರ ಕಿವಿಗೆ ಬಿದ್ದದ್ದೇ 2019ರ ಫೆಬ್ರುವರಿಯಲ್ಲಿ, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ಎಬ್ಬಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದಾಗ. ಎರಡು ವಾರದಲ್ಲಿ ಅದಕ್ಕೆ ತಡೆ ಬಂತು. ಆ ಎರಡು ವಾರ ಆ ಮನೆಗಳಲ್ಲಿ ಯಾರು ನಿದ್ದೆ ಮಾಡಿದ್ದರು ಎಂದು ಯಾವ ಉಪಗ್ರಹವೂ ದಾಖಲಿಸಿಲ್ಲ.

ಯುರೋಪಿನವರಿಗಾದರೂ ಕಂಪ್ಯೂಟರ್ ಕೈಕೊಟ್ಟಿತು ಎಂಬ ನೆಪವಿದೆ. ನಾವು ಕೇಳುವುದು ದಶಮಾಂಶವನ್ನಲ್ಲ, ಸತ್ತ ಮುತ್ತಜ್ಜನ ಸಹಿಯನ್ನು. ಮುಂದಿನ ವಿದೇಶಿ ಯೋಜನೆ ಬರುತ್ತದೆ, ಇದೇ ಮನೆಯವರನ್ನು ಕರೆದು ಅಂಗಳದಲ್ಲಿ ಕೂರಿಸುತ್ತಾರೆ, ಕೈಗೆ ರಂಗೋಲಿ ಪುಡಿ ಕೊಡುತ್ತಾರೆ. ಸಭೆಯ ಹಾಜರಿ ಪುಸ್ತಕದಲ್ಲಿ ಅವರು ಫಲಾನುಭವಿಗಳು, ವಲಯ ಕಚೇರಿಯ ಕಡತದಲ್ಲಿ ಅತಿಕ್ರಮಣದಾರರು. ಎರಡಕ್ಕೂ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ಅದೇ ಇಲಾಖೆಯವರು.