ಮೈಸೂರಿನ ಜಾವಾ ಬಿಟ್ಟುಬಿಟ್ರಲ್ಲ!

ಕರ್ನಾಟಕದಲ್ಲಿ ಬಾಗಿಲು ಮುಚ್ಚಿದ ಕಂಪನಿಗಳ ಲೇಖನ ಚೆನ್ನಾಗಿದೆ ಸಾರ್. ಎಚ್‌ಎಂಟಿ ವಾಚ್, ಕಿಂಗ್‌ಫಿಷರ್ ಏರ್‌ಲೈನ್ಸ್ ಎಲ್ಲ ಇವೆ. ಆದರೆ ಜಾವಾ ಬೈಕ್ ತಯಾರಿಸುತ್ತಿದ್ದ ನಮ್ಮ ಐಡಿಯಲ್ ಜಾವಾ ಕಂಪನಿಯ ಹೆಸರೇ ಇಲ್ಲ. ಮೈಸೂರಿನವರು ಸುಮ್ನೆ ಬಿಡ್ತಾರಾ?

ಯಾದವಗಿರಿಯ ಆ ಫ್ಯಾಕ್ಟರಿಯಲ್ಲಿ 1961ರಿಂದ ಜಾವಾ ತಯಾರಾಗುತ್ತಿತ್ತು. ತಂತ್ರಜ್ಞಾನ ಚೆಕೊಸ್ಲೊವಾಕಿಯಾದ್ದು. 1973ರಿಂದ ಅದೇ ಗಾಡಿಗೆ ಯೆಜ್ಡಿ ಅಂತ ಹೆಸರು ಬಂತು. ಓಡಿಸಿದವರಿಗೇ ಗೊತ್ತು ಅದರ ಮಜಾ. ಕಿಕ್ಕರ್‌ಗೂ ಗೇರಿಗೂ ಒಂದೇ ಲಿವರ್, ಅದೂ ಎಡಗಡೆ! ಒಳಕ್ಕೆ ಒತ್ತಿ ಎತ್ತಿದರೆ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಗೇರ್. ಹೊಸಬರು ಬಲಗಡೆ ಕಾಲಿಟ್ಟು ಕಿಕ್ಕರ್ ಹುಡುಕುತ್ತಾ ನಿಂತರೆ ಸುತ್ತಲಿದ್ದವರಿಗೆ ಪುಕ್ಕಟೆ ಮನರಂಜನೆ. ಎರಡು ಸೈಲೆನ್ಸರ್‌ನ ಆ ಸದ್ದು ಬೀದಿ ತುದಿಯಲ್ಲೇ ಗೊತ್ತಾಗುತ್ತಿತ್ತು.

ಇನ್ನೊಂದು ಮಾತು. ಮುಷ್ಕರಗಳಿಂದಲೇ ಕಾರ್ಖಾನೆಗಳು ಮುಚ್ಚಿದವು ಅಂತ ಬರೆದಿದ್ದೀರಿ. ಜಾವಾ ವಿಷಯದಲ್ಲಿ ಅದನ್ನು ಪೂರ್ತಿ ಒಪ್ಪಲ್ಲ. ಕಾರ್ಮಿಕರ ಗಲಾಟೆ ಇತ್ತು, ನಿಜ. ಆದರೆ 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಫೋರ್ ಸ್ಟ್ರೋಕ್, ಮೈಲೇಜ್ ಜಾಸ್ತಿ. ಟೂ ಸ್ಟ್ರೋಕ್ ಜಾವಾದ ಹಾಗೆ ಪೆಟ್ರೋಲಿಗೆ ಆಯಿಲ್ ಬೆರೆಸುವ ತಾಪತ್ರಯವೂ ಇಲ್ಲ. ತಿಂಗಳ ಸಂಬಳದವರು ಆ ಕಡೆ ಹೋಗದೆ ಏನು ಮಾಡ್ತಾರೆ? ಮೇಲೆ ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಂಪನಿ ಮುಚ್ಚಿತು.

ಲೇಖನದ ಎರಡನೇ ಭಾಗ ಬರೆಯುವುದಾದರೆ ಜುಲೈ ಎರಡನೇ ಭಾನುವಾರ ಬೆಂಗಳೂರಿಗೋ ಮೈಸೂರಿಗೋ ಬನ್ನಿ. ಜಾವಾ ದಿನ ಅಂತ ಹಳೇ ಗಾಡಿಗಳನ್ನು ತಂದು ಸಾಲಾಗಿ ನಿಲ್ಲಿಸಿರುತ್ತಾರೆ. ಫೋಟೋ ಬೇಕಾದಷ್ಟು ಸಿಗುತ್ತೆ.