ವಾಕೀಸ್ ಅಜ್ಜಿ

“ಸಿಟ್!” ಅಂದಿದ್ದು ಟೀವಿಯೊಳಗಿನ ಅಜ್ಜಿ. ಕೂತಿದ್ದು ನಮ್ಮ ಮನೆಯ ನಾಯಿ. ಟೀ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನೂ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದೇನೆ ಅನ್ನೋದು ನನಗೆ ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು.

ಇದು 1980ರ ಮಾತು. ಓದೋದಕ್ಕೆ ಅಂತ ಹೋಗಿದ್ದ ನಾನು ಲಂಡನ್ನಿನ ಹೊರಗೆ, ವಾಟ್‌ಫರ್ಡ್ ಅನ್ನುವ ಊರಿನಲ್ಲಿ, ವಯಸ್ಸಾದ ಹೆಂಗಸೊಬ್ಬರ ಮನೆಯ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅವರ ಹತ್ತಿರ ಒಂದು ಸ್ಪಾನಿಯಲ್ ನಾಯಿ ಇತ್ತು. ಹೆಸರು ಮೇಜರ್. ಹೆಸರಿಗಷ್ಟೇ ಮೇಜರ್, ಶಿಸ್ತಿಗೂ ಅದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಮನೆಯೊಡತಿ ಇಡೀ ದಿನ “ಸಿಟ್, ಡಿಯರ್, ಸಿಟ್” ಅಂತ ಅಂಗಲಾಚಿದರೂ ಕಿವಿಗೆ ಹಾಕಿಕೊಳ್ಳದ ಪ್ರಾಣಿ ಅದು. ಟೀವಿಯ ಅಜ್ಜಿ ಒಂದೇ ಸಲ ಹೇಳಿದ್ದಕ್ಕೆ ಕಾರ್ಪೆಟ್ಟಿನ ಮೇಲೆ ದೊಪ್ಪನೆ ಕೂತಿತು. ಮನೆಯೊಡತಿಗೆ ಅವಮಾನವಾಯಿತು. ಆಗ ಅಲ್ಲಿ ಕಲರ್ ಟೀವಿ ಇಟ್ಟುಕೊಳ್ಳಲು ವರ್ಷಕ್ಕೆ 34 ಪೌಂಡ್ ಕೊಟ್ಟು ಲೈಸೆನ್ಸ್ ಮಾಡಿಸಬೇಕಿತ್ತು. ನಾಯಿ ಸಾಕುವುದಕ್ಕೂ ಲೈಸೆನ್ಸ್ ಬೇಕಿತ್ತು, ಅದಕ್ಕೆ ಬರೀ ಮೂವತ್ತೇಳೂವರೆ ಪೆನ್ಸ್. “ಕೊಟ್ಟ ದುಡ್ಡಿಗೆ ತಕ್ಕ ಹಾಗೆ ಇದೆ ಬಿಡು” ಅಂತ ಅವರು ಮೇಜರ್ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

ಆ ಅಜ್ಜಿಯ ಹೆಸರು ಬಾರ್ಬರಾ ವುಡ್‌ಹೌಸ್. ನಾಯಿ ಪಳಗಿಸೋದು ಹೇಗೆ ಅಂತ ಕಲಿಸುವ ಅವರ ಕಾರ್ಯಕ್ರಮ ಬಿಬಿಸಿಯಲ್ಲಿ ಬಂದಿದ್ದು ಹತ್ತೇ ಕಂತು. ಅಷ್ಟಕ್ಕೇ ಇಡೀ ದೇಶದಲ್ಲಿ ಮನೆಮಾತಾಗಿಬಿಟ್ಟರು. ಆಗ ಬ್ರಿಟನ್ನಿನಲ್ಲಿ ಇದ್ದಿದ್ದೇ ಮೂರು ಚಾನೆಲ್, ನಾಲ್ಕನೆಯದು ಬಂದಿದ್ದು 1982ರಲ್ಲಿ. ಹಾಗಾಗಿ ರಾತ್ರಿ ಒಬ್ಬರು ನೋಡಿದ್ದನ್ನೇ ಎಲ್ಲರೂ ನೋಡಿರುತ್ತಿದ್ದರು. ಮಾರನೆ ದಿನ ಬಸ್ ಸ್ಟಾಪಿನಲ್ಲಿ ಹವೆಯ ವಿಷಯ ಮುಗಿದ ಮೇಲೆ ಅಜ್ಜಿಯ ವಿಷಯ ಶುರು.

ಎಪ್ಪತ್ತರ ಹೊಸ್ತಿಲಲ್ಲಿದ್ದ ಹೆಂಗಸು. ಚೌಕಳಿ ಉಣ್ಣೆ ಸ್ಕರ್ಟು, ಕಾರ್ಡಿಗನ್, ಕಾಲಿಗೆ ಗಟ್ಟಿಮುಟ್ಟಾದ ಚಪ್ಪಟೆ ಶೂ. ಟೀವಿಗೆ ಬರುವವರು ಒಂಚೂರು ಸಿಂಗಾರ ಮಾಡಿಕೊಳ್ತಾರಲ್ವಾ, ಅದೇನೂ ಇಲ್ಲ. ಈಗ ತಾನೇ ಕೋಳಿಗಳಿಗೆ ಕಾಳು ಹಾಕಿ ಬಂದವರ ಹಾಗೆ ಕ್ಯಾಮೆರಾ ಮುಂದೆ ನಿಲ್ಲುತ್ತಿದ್ದರು. ನಾಯಿಗಳನ್ನೂ ಅವುಗಳ ಯಜಮಾನರನ್ನೂ ಬಯಲಿನಲ್ಲಿ ಸುತ್ತಲೂ ನಿಲ್ಲಿಸಿ, ಮಧ್ಯೆ ತಾವು ನಿಂತು ಪಾಠ ಶುರು ಮಾಡುತ್ತಿದ್ದರು.

ಪಾಠ ಅಂದರೆ ನಾಯಿಗಲ್ಲ. ನಾಯಿ ಅಜ್ಜಿಯ ಕೈಗೆ ಬಂದು ಎರಡು ನಿಮಿಷಕ್ಕೆ ಸರಿಯಾಗಿಬಿಡುತ್ತಿತ್ತು. ಯಜಮಾನರದೇ ಗೋಳು. ಕೆಟ್ಟ ನಾಯಿ ಅಂತ ಜಗತ್ತಿನಲ್ಲಿ ಇಲ್ಲವೇ ಇಲ್ಲ ಅನ್ನುವುದು ಅಜ್ಜಿಯ ಸಿದ್ಧಾಂತ. ಅದನ್ನೇ ಪುಸ್ತಕದ ಹೆಸರಾಗಿಯೂ ಇಟ್ಟರು. ಹಾಗಾದರೆ ಕೆಟ್ಟವರು ಯಾರು ಅಂತ ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಾಯಿಯ ಹಗ್ಗದ ಇನ್ನೊಂದು ತುದಿ ಹಿಡಿದು ತಲೆ ತಗ್ಗಿಸಿ ನಿಂತವರಿಗೆ ಅದು ಅರ್ಥವಾಗುತ್ತಿತ್ತು.

ಅವರ ಪ್ರಕಾರ ಎಲ್ಲ ಇರುವುದು ದನಿಯಲ್ಲಿ. ‘ಸಿಟ್’ ಅನ್ನುವಾಗ ಕೊನೆಯ ‘ಟ್’ ಚಾಟಿಯ ತುದಿಯ ಹಾಗೆ ಚಟ್ ಅನ್ನಬೇಕು. ಹೊಗಳುವಾಗ ದನಿ ಮೇಲಕ್ಕೇರಿ ಕುಣಿಯಬೇಕು. ಇನ್ನು ತಿರುಗಾಟಕ್ಕೆ ಹೊರಡುವಾಗ “ವಾ...ಕೀಸ್!” ಅಂತ ಒಂದು ಕೂಗು. ಅದನ್ನು ಬರೆದು ತೋರಿಸೋಕೆ ಆಗಲ್ಲ. ವಾ ಅನ್ನುವಾಗ ಏಣಿಯ ಕೆಳಗಿರುವ ದನಿ ಕೀಸ್ ಅನ್ನುವಷ್ಟರಲ್ಲಿ ಅಟ್ಟ ಸೇರಿರುತ್ತಿತ್ತು. ಆ ಕೂಗಿಗೆ ಬಾಲ ಅಲ್ಲಾಡಿಸದ ನಾಯಿಯನ್ನು ನಾನು ನೋಡಿಲ್ಲ. ಮೇಲಕ್ಕೇರುವ, ಮತ್ತೆ ಮತ್ತೆ ಬರುವ ದನಿಗೆ ಪ್ರಾಣಿಗಳು ಚುರುಕಾಗುತ್ತವೆ, ನಿಧಾನವಾಗಿ ಎಳೆದು ಹೇಳುವ ಮಾತಿಗೆ ತಣ್ಣಗಾಗುತ್ತವೆ ಅಂತ ಆಮೇಲೆ ಸಂಶೋಧನೆ ಮಾಡಿದವರೂ ಹೇಳಿದರು. ಎಮ್ಮೆ ಕಾಯುವವರನ್ನು ಕೇಳಿದ್ದರೂ ಹೇಳುತ್ತಿದ್ದರೇನೋ.

ತೊಂದರೆ ಏನೆಂದರೆ, ನಾಲ್ಕು ಜನರ ಎದುರು ಹಾಗೆ ಕೂಗೋದು ಯಾರಿಂದಾಗುತ್ತೆ? ಅದರಲ್ಲೂ ಇಂಗ್ಲಿಷರು. ರೈಲಿನಲ್ಲಿ ಪಕ್ಕದವರ ಕಾಲು ತುಳಿದರೆ ತುಳಿಸಿಕೊಂಡವರೇ ಸಾರಿ ಹೇಳುವ ಜನ. ಟೈ ಕಟ್ಟಿದ ಆರಡಿ ಗಂಡಸು ಒಂದು ನಾಯಿ ಹಿಡಿದು ನಿಂತಿದ್ದಾನೆ. ಅದನ್ನು ಹೊಗಳು ಅಂತ ಅಜ್ಜಿ ಹೇಳುತ್ತಾರೆ. ಅವನು ಬ್ಯಾಂಕಿನಲ್ಲಿ ಸಾಲ ಕೇಳುವ ದನಿಯಲ್ಲಿ “ಗುಡ್ ಡಾಗ್” ಅಂತ ಗೊಣಗುತ್ತಾನೆ. ಅಜ್ಜಿಗೆ ಸಾಲದು. ಇನ್ನೂ ಜೋರಾಗಿ, ಇನ್ನೂ ಸಂತೋಷವಾಗಿ! ಅವನ ಕಿವಿ ಕೆಂಪಾಗುತ್ತದೆ. ಕೊನೆಗೆ ಮೂರು ವರ್ಷದ ಮಗುವಿನ ದನಿ ತೆಗೆದು “ವಾಟ್ ಎ ಗುಡ್ ಡಾಗ್!” ಅಂತ ಕಿರುಚುತ್ತಾನೆ. ನಾಯಿ ಹಿಗ್ಗಿ ಹೀರೇಕಾಯಿ. ಅವನೂ ಹಿಗ್ಗುತ್ತಾನೆ. ನಾನು ಪ್ರತಿ ಕಂತನ್ನೂ ನೋಡುತ್ತಿದ್ದದ್ದು ಈ ಒಂದು ಗಳಿಗೆಗಾಗಿ. ಮೈಮೇಲಿನ ನಾಚಿಕೆ ಕಳಚಿ ಬೀಳೋದನ್ನು ಅಷ್ಟು ಹತ್ತಿರದಿಂದ ಬೇರೆಲ್ಲೂ ತೋರಿಸುತ್ತಿರಲಿಲ್ಲ.

ನನಗೆ ಆಗ ಅದು ಬೇಕಾಗಿತ್ತು ಕೂಡ. ನನ್ನ ಇಂಗ್ಲಿಷಿನ ಬಗ್ಗೆ ನನಗೇ ಸಂಕೋಚ. ಅಂಗಡಿಯಲ್ಲಿ ಬ್ರೆಡ್ಡು ಕೇಳಿದರೂ ಗಂಟಲಿನಲ್ಲೇ ಉಳಿಯುತ್ತಿತ್ತು. ಎದುರಿನವರು ಮೂರು ಸಲ “ಸಾರಿ?” ಅನ್ನುತ್ತಿದ್ದರು. ಮೂರನೆಯ ಸಲಕ್ಕೆ ನಾನು ಸುಮ್ನೆ ಕೈ ತೋರಿಸಿ ತಂದುಬಿಡುತ್ತಿದ್ದೆ. ಎಷ್ಟೋ ಸಲ ಬೇಡದ ಬ್ರೆಡ್ಡು ತಿಂದಿದ್ದೇನೆ.

ಒಂದು ವಾರ ಮನೆಯೊಡತಿ ಜ್ವರ ಬಂದು ಮಲಗಿದರು. ಮೇಜರ್‌ನನ್ನು ಸುತ್ತಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ವಾಟ್‌ಫರ್ಡಿನಲ್ಲಿ ಕ್ಯಾಸಿಯೋಬರಿ ಅಂತ ದೊಡ್ಡ ಪಾರ್ಕು ಇದೆ. ಅದರೊಳಗೆ ಗ್ರ್ಯಾಂಡ್ ಯೂನಿಯನ್ ಕಾಲುವೆ ಹರಿಯುತ್ತದೆ. ಕಾಲುವೆಯಲ್ಲಿ ಬಾತುಕೋಳಿ. ಇಷ್ಟು ಹೇಳಿದರೆ ಮುಂದಿನದು ನೀವೇ ಊಹಿಸಬಹುದು. ಮೇಜರ್ ಎಳೆದ ಎಳೆತಕ್ಕೆ ನಾನು ದಡದ ಕೆಸರಿನಲ್ಲಿ ಜಾರಿ ಹಿಮ್ಮಡಿ ಮುಳುಗುವಷ್ಟು ಕೆಳಗೆ ಹೋದೆ. “ಮೇಜರ್, ಪ್ಲೀಸ್” ಅಂದೆ. ಆಮೇಲೆ ಕನ್ನಡದಲ್ಲಿ “ಲೋ, ಬೇಡ ಕಣೋ” ಅಂದೆ. ಎರಡೂ ಭಾಷೆಯನ್ನು ಅದು ಸಮನಾಗಿ ಕಡೆಗಣಿಸಿತು. ಇನ್ನೊಂದು ಹೆಜ್ಜೆಗೆ ಇಬ್ಬರೂ ನೀರಿನಲ್ಲಿ. ಆಗ ಅದು ಎಲ್ಲಿಂದ ಬಂತೋ, ನನ್ನ ಹೊಟ್ಟೆಯೊಳಗಿಂದ ಎಪ್ಪತ್ತು ವರ್ಷದ ಇಂಗ್ಲಿಷ್ ಅಜ್ಜಿಯೊಬ್ಬಳು ಎದ್ದು ಬಂದಳು. “ಸಿಟ್-ಟ್!”

ಮೇಜರ್ ಕೂತಿತು. ದಾರಿಯಲ್ಲಿ ಹೋಗುತ್ತಿದ್ದ ಯಾರದೋ ಟೆರಿಯರ್ ನಾಯಿ ಕೂಡ ಕೂತಿತು. ಟೆರಿಯರಿನ ಯಜಮಾನ, ಟೋಪಿ ಹಾಕಿದ ಮುದುಕರು, ನನ್ನನ್ನೇ ಒಂದು ನಿಮಿಷ ನೋಡಿ ತೀರಾ ಗಂಭೀರವಾಗಿ ಕೇಳಿದರು: “ಕ್ರಾಕ್ಸ್‌ಲಿಯಿಂದ ಬಂದಿರೋ?”

ಈ ಜೋಕು ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಅಜ್ಜಿಯ ಮನೆ ಇದ್ದದ್ದು ಪಕ್ಕದ ಕ್ರಾಕ್ಸ್‌ಲಿ ಗ್ರೀನ್‌ನಲ್ಲಿ. ಮೆಟ್ರೊಪಾಲಿಟನ್ ಲೈನಿನ ರೈಲಿನಲ್ಲಿ ನಮ್ಮಿಂದ ಒಂದೇ ಸ್ಟೇಷನ್ನು. ನಾನು “ಇಲ್ಲ, ವಾಟ್‌ಫರ್ಡ್!” ಅಂದೆ. ಅಜ್ಜಿಯ ದನಿ ಇನ್ನೂ ಇಳಿದಿರಲಿಲ್ಲ, ಹಾಗಾಗಿ ಉತ್ತರವೂ ಅದೇ ಶ್ರುತಿಯಲ್ಲಿ ಹೊರಟಿತು. ಅವರು “ಸಾರಿ?” ಅನ್ನಲಿಲ್ಲ. ಒಂದೇ ಸಲಕ್ಕೆ ಕೇಳಿಸಿತು.

ಅಲ್ಲಿಂದ ಅಜ್ಜಿಯ ಬಗ್ಗೆ ಸಿಕ್ಕಿದ್ದೆಲ್ಲ ಓದತೊಡಗಿದೆ. ಹುಟ್ಟಿದ್ದು 1910ರಲ್ಲಿ, ಐರ್ಲೆಂಡಿನಲ್ಲಿ. ಅಪ್ಪ ಡಬ್ಲಿನ್ ಹತ್ತಿರದ ಶಾಲೆಯೊಂದರ ಹೆಡ್‌ಮಾಸ್ಟರ್. ಇದನ್ನು ಓದಿದಾಗ ಓಹೋ ಅನಿಸಿತು. ಆ ದನಿ ಮೇಷ್ಟ್ರ ಮನೆಯಿಂದಲೇ ಬಂದಿರಬೇಕು. ಹುಡುಗಿಯರು ಕೃಷಿ ಕಾಲೇಜಿನ ಕಡೆ ತಲೆ ಹಾಕದ ಕಾಲದಲ್ಲಿ ಹಾರ್ಪರ್ ಆಡಮ್ಸ್ ಕಾಲೇಜಿಗೆ ಸೇರಿ, ಅಷ್ಟೂ ಹುಡುಗರ ನಡುವೆ ಒಬ್ಬಳೇ ಹುಡುಗಿಯಾಗಿ ಓದಿದರು. ಆಮೇಲೆ ಅರ್ಜೆಂಟೀನಾಕ್ಕೆ ಹೋಗಿ ಕುದುರೆ ಪಳಗಿಸುವ ಕೆಲಸ. ಅಲ್ಲಿ ಗ್ವಾರಾನಿ ಮೂಲನಿವಾಸಿಯೊಬ್ಬ ಅವರಿಗೆ ಒಂದು ಗುಟ್ಟು ಹೇಳಿಕೊಟ್ಟನಂತೆ. ಹೊಸ ಕುದುರೆ ಸಿಕ್ಕರೆ ಅದರ ಮೂಗಿನ ಹೊಳ್ಳೆಯ ಹತ್ತಿರ ಮುಖ ಇಟ್ಟು ಮೆಲ್ಲಗೆ ಉಸಿರು ಬಿಡಬೇಕು. ಕುದುರೆಗಳು ಒಂದಕ್ಕೊಂದು ಹಾಗೇ ನಮಸ್ಕಾರ ಹೇಳಿಕೊಳ್ಳುತ್ತವಂತೆ. ಅಜ್ಜಿ ಅದನ್ನು ಕಡೆಯವರೆಗೂ ಬಿಡಲಿಲ್ಲ. ಕುದುರೆಯ ಮೂಗಿಗೆ ಊದುತ್ತಾ ನಿಂತ ಹೆಂಗಸನ್ನು ಜನ ಹುಚ್ಚಿ ಅಂದುಕೊಂಡಾರು ಅನ್ನುವ ಯೋಚನೆ ಅವರ ತಲೆಗೆ ಒಮ್ಮೆಯೂ ಬಂದ ಹಾಗಿಲ್ಲ. ಮೇಜರ್ ಮೂಗಿಗೆ ನಾನೂ ಒಂದು ದಿನ ಊದಿ ನೋಡಿದೆ. ನನ್ನ ಮುಖಕ್ಕೇ ಸೀನಿತು.

ಮದುವೆಯಾಗಿದ್ದು ಡಾಕ್ಟರೊಬ್ಬರನ್ನು. ಮನೆಯಲ್ಲಿ ಕರುವಿನಷ್ಟು ಎತ್ತರದ ಗ್ರೇಟ್ ಡೇನ್ ನಾಯಿಗಳು. ಜೂನೋ ಅನ್ನುವುದಂತೂ ಸಿನಿಮಾಗಳಲ್ಲೂ ನಟಿಸಿತ್ತು. ಅಂದರೆ ಟೀವಿಗೆ ಬರುವ ಹೊತ್ತಿಗೆ ಅಜ್ಜಿಗೆ ಇದೆಲ್ಲ ಹಳೇ ಕಸುಬು. ಜನರಿಗೆ ಗೊತ್ತಾಗಿದ್ದು ತಡ, ಅಷ್ಟೆ.

ಅವರದ್ದೆಲ್ಲವೂ ಸರಿ ಅಂತ ನಾನು ಹೇಳುವುದಿಲ್ಲ. ಅವರ ಕೈಯಲ್ಲಿ ಸದಾ ಒಂದು ಚೋಕ್ ಚೈನ್ ಇರುತ್ತಿತ್ತು, ಎಳೆದರೆ ಕುತ್ತಿಗೆ ಸುತ್ತ ಬಿಗಿಯುವ ಸರಪಳಿ. ಅದನ್ನು ಒಂದು ಸಲ ಜಗ್ಗಿ ಆ ಕ್ಷಣವೇ ಸಡಿಲ ಬಿಡಬೇಕು, ಬಿಟ್ಟ ಕೂಡಲೇ ಹೊಗಳಬೇಕು, ಎದೆ ಕೆರೆಯಬೇಕು ಅಂತ ಅವರು ಹೇಳುತ್ತಿದ್ದರು. ಅವರ ಕೈಗೆ ಆ ಅಳತೆ ಗೊತ್ತಿತ್ತು. ಟೀವಿ ನೋಡಿ ಮಾರನೆ ದಿನ ಸರಪಳಿ ಕೊಂಡವರ ಕೈಗೆ ಗೊತ್ತಿರಲಿಲ್ಲ. ಅವರು ಜಗ್ಗುವುದನ್ನು ಮಾತ್ರ ಕಲಿತರು, ಸಡಿಲ ಬಿಡುವುದನ್ನು ಮರೆತರು. ಈಗ ನಾಯಿಗೆ ಕಲಿಸುವವರಲ್ಲಿ ಬಹಳ ಮಂದಿ ಆ ಸರಪಳಿ ಬೇಡವೇ ಬೇಡ ಅನ್ನುತ್ತಾರೆ. ಒಂದು ಚೂರು ತಿಂಡಿ, ಒಂದು ಒಳ್ಳೆ ಮಾತು, ಅಷ್ಟರಲ್ಲೇ ಕಲಿಸುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ. ಆ ಹಳೇ ಕಂತುಗಳನ್ನು ಈಗ ನೋಡಿದರೆ ಕೆಲವು ಜಗ್ಗಾಟದ ಹೊತ್ತಿಗೆ ನನ್ನ ಕುತ್ತಿಗೆಯೇ ಚುರ್ ಅನ್ನುತ್ತದೆ. ಆದರೆ ಮರುಕ್ಷಣ ಆ ದನಿ ಏಣಿ ಹತ್ತುತ್ತದೆ. ನಾಯಿ ಬಾಲ ಕುಣಿಸುತ್ತದೆ, ನಾನು ನಗುತ್ತೇನೆ. ಏನು ಮಾಡೋದು.

ಅಣಕ ಮಾಡುವವರಿಗಂತೂ ಹಬ್ಬ. ಹಾಸ್ಯ ಕಾರ್ಯಕ್ರಮಗಳಲ್ಲಿ ಗಂಡಸರೆಲ್ಲ ಚೌಕಳಿ ಸ್ಕರ್ಟು ತೊಟ್ಟರು. 1983ರ ಜೇಮ್ಸ್ ಬಾಂಡ್ ಸಿನಿಮಾದಲ್ಲಿ ನಮ್ಮ ದೇಶದ ಕಾಡಿನಲ್ಲಿ ಬಾಂಡ್‌ಗೆ ಹುಲಿ ಎದುರಾಗುತ್ತದೆ. ಅವನು ಪಿಸ್ತೂಲು ತೆಗೆಯುವುದಿಲ್ಲ. ಬೆರಳು ತೋರಿಸಿ, ಥೇಟ್ ಅಜ್ಜಿಯ ಹಾಗೆ, “ಸಿಟ್!” ಅನ್ನುತ್ತಾನೆ. ಹುಲಿ ಕೂರುತ್ತದೆ. ಥಿಯೇಟರಿನಲ್ಲಿ ಎಲ್ಲರೂ ಹೋ ಅಂದರು. ನನಗೆ ಮಾತ್ರ ಕ್ಯಾಸಿಯೋಬರಿಯ ಕೆಸರು ನೆನಪಾಯಿತು. ಅಲ್ಲಿ ಕೂತದ್ದು ಬರೀ ಒಂದು ಸ್ಪಾನಿಯಲ್ ಮತ್ತು ಒಂದು ಟೆರಿಯರ್, ಇರಲಿ.

ಅಜ್ಜಿ ತೀರಿಕೊಂಡದ್ದು 1988ರಲ್ಲಿ. ಅಷ್ಟು ಹೊತ್ತಿಗೆ ಆ ಅಗ್ಗದ ನಾಯಿ ಲೈಸೆನ್ಸೂ ಹೋಗಿತ್ತು. ಅಷ್ಟು ಸಣ್ಣ ದುಡ್ಡನ್ನು ವಸೂಲಿ ಮಾಡೋಕೆ ಅದಕ್ಕಿಂತ ಜಾಸ್ತಿ ಖರ್ಚಾಗುತ್ತಿತ್ತಂತೆ.

ಅವರನ್ನು ಎದುರಾಎದುರು ನೋಡಬೇಕು ಅಂತ ನನಗೆ ಬಹಳ ಇತ್ತು. ದಿನಾ ಲಂಡನ್ನಿಗೆ ಹೋಗುವ ರೈಲು ವಾಟ್‌ಫರ್ಡ್ ಬಿಟ್ಟ ಮೇಲೆ ಮೊದಲು ನಿಲ್ಲುತ್ತಿದ್ದುದೇ ಕ್ರಾಕ್ಸ್‌ಲಿಯಲ್ಲಿ. ಪೇಪರು ಮಡಿಚಿ ಪ್ಲಾಟ್‌ಫಾರ್ಮ್ ಕಡೆ ನೋಡುತ್ತಿದ್ದೆ. ಒಂದು ಬೆಳಿಗ್ಗೆ ನಿಜಕ್ಕೂ ಚೌಕಳಿ ಸ್ಕರ್ಟು ಕಂಡಿತು. ಬಿಳಿ ಕೂದಲು, ಚಪ್ಪಟೆ ಶೂ, ಜತೆಗೆ ಒಂದು ದೊಡ್ಡ ನಾಯಿ. ನಾನು ಎದ್ದು ನಿಂತೇಬಿಟ್ಟೆ. ಬಾಗಿಲು ತೆರೆಯಿತು. ನಾಯಿ ನಾಲ್ಕೂ ಕಾಲು ನೆಲಕ್ಕೆ ಊರಿ ರೈಲು ಹತ್ತುವುದಿಲ್ಲ ಅಂತ ಹಟ ಹಿಡಿಯಿತು. ಆ ಹೆಂಗಸು ಬಗ್ಗಿ, ಅದರ ಕಿವಿಯ ಹತ್ತಿರ, ಯಾರಿಗೂ ಕೇಳಿಸದ ಹಾಗೆ “ಪ್ಲೀಸ್, ಡಾರ್ಲಿಂಗ್” ಅಂದರು.

ಅವರಲ್ಲ. ನಾನು ಕೂತೆ.